ದೂರದ ವಾಕ್ಯ, ಸಮೀಪದ ಹಸ್ತ

ಯಂತ್ರಗಳ ಶಕ್ತಿ ಹೆಚ್ಚಿದಂತೆಲ್ಲ ಮನುಷ್ಯನ ಭಕ್ತಿ ಕುಗ್ಗುತ್ತದೆಂದು ಮರುಗುವವರೂ, ವಿಜ್ಞಾನದ ಯುಗದಲ್ಲಿ ಸರಳವಾದ ನಂಬಿಕೆಗೆ ಇನ್ನು ಎಡೆಯಿಲ್ಲವೆಂದು ಸಾರುವವರೂ ಪರಸ್ಪರ ವಿರೋಧಿಗಳಂತೆ ತೋರಿದರೂ ಒಂದು ವಿಷಯದಲ್ಲಿ ಏಕಮತದವರು: ಸರಳ ವಿಶ್ವಾಸವು ಯಂತ್ರವನ್ನರಿಯದ ಕಾಲದ ಸೊತ್ತೆಂದು ಇಬ್ಬರೂ ಭಾವಿಸುತ್ತಾರೆ. ಕನ್ನಡ ನಾಡಿನ ಕ್ರೈಸ್ತಸಭೆಯ ಚರಿತ್ರೆಯನ್ನು ಬಲ್ಲವರು ಇದನ್ನು ಒಪ್ಪಲಾರರು.

ಬಳ್ಳಾರಿಯಲ್ಲಿ ನೆಲೆಸಿದ ಮಿಷನರಿ ಜಾನ್ ಹ್ಯಾಂಡ್ಸ್ ವರ್ಷಾನುಗಟ್ಟಲೆ ಶ್ರಮಿಸಿ ಕನ್ನಡಿಸಿದ ಸತ್ಯವೇದವು 1831ರ ಹೊತ್ತಿಗೆ ಪೂರ್ಣಗೊಂಡಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು 1841ರಲ್ಲಿ ಅಲ್ಲೊಂದು ಮುದ್ರಣಾಲಯವನ್ನು ಸ್ಥಾಪಿಸಿದರು. ಅವರಲ್ಲೊಬ್ಬನಾದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯು ಕಲ್ಲಚ್ಚಿನಲ್ಲಿಯೇ ಮೂಡಿತು. ಅಂದಿನ ಜನಕ್ಕೆ ಆ ಅಚ್ಚು ಇಂದಿನ ನಮಗೆ ಗಣಕವು ಇರುವಷ್ಟೇ ಅದ್ಭುತವಾದುದಾಗಿತ್ತು. ಆದರೆ ಅಚ್ಚಾದ ವಾಕ್ಯವನ್ನು ಕೊಟ್ಟುಬಿಟ್ಟರೆ ಸಾಲದೆಂಬುದು ಬೇಗನೆ ಗೋಚರವಾಯಿತು. ಸಭೆಗೆ ಸೇರಿದವರು ಜಾತಿಯನ್ನೂ ಮನೆಯನ್ನೂ ಕುಲಕಸುಬನ್ನೂ ಕಳೆದುಕೊಂಡು ಬಂದವರು. ಅವರಿಗೆ ಅನ್ನದ ದಾರಿಯಾಗಲೆಂದೇ ನೇಯ್ಗೆಯ ಮಗ್ಗಗಳು ಹುಟ್ಟಿದುವು, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಅದೇ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್‌ನ ಹೆಂಚಿನ ಕಾರ್ಖಾನೆ ತಲೆಯೆತ್ತಿತು. ವಾಕ್ಯವನ್ನು ಹೊತ್ತದ್ದೂ ಯಂತ್ರವೆ, ತುತ್ತನ್ನು ಕೊಟ್ಟದ್ದೂ ಯಂತ್ರವೆ. ಮೊದಲನೆಯದರೊಡನೆ ಎರಡನೆಯದು ನಡೆದುಬಂದುದರಿಂದಲೇ ಆ ಸಭೆ ಬೇರೂರಿತು.

ಈ ಇತಿಹಾಸದ ವಾರಸುದಾರರಾದ ಕನ್ನಡ ಕ್ರೈಸ್ತರು ಉದ್ಯೋಗನಿಮಿತ್ತ ಇಂದು ನೆಲೆಸುವ ಊರುಗಳಲ್ಲಿ ದೆಹಲಿಯ ಮಗ್ಗುಲಿನ ನೋಯ್ಡಾವೂ ಒಂದು. ಯಮುನೆಗೂ ಹಿಂಡನ್ ನದಿಗೂ ನಡುವಣ ಹೊಲಗಳ ಮೇಲೆ 1976ರಲ್ಲಿ ಕೈಗಾರಿಕೆಗಾಗಿಯೇ ಹುಟ್ಟಿದ ಈ ನಗರದಲ್ಲಿ ಬಡಾವಣೆಗಳಿಗೆ ಹೆಸರಿಗಿಂತ ಅಂಕಿಯೇ ಮುಖ್ಯ. ಅದರ 81ನೆಯ ಸೆಕ್ಟರಿನಲ್ಲಿ ಸ್ಯಾಮ್‌ಸಂಗ್ ಸಂಸ್ಥೆ 2018ರಲ್ಲಿ ವಿಸ್ತರಿಸಿದ ಮೊಬೈಲ್ ಕಾರ್ಖಾನೆಯು ಜಗತ್ತಿನಲ್ಲಿಯೇ ಅತಿ ದೊಡ್ಡದೆಂದು ಆಗ ಸಾರಲ್ಪಟ್ಟಿತು. ಇಪ್ಪತ್ತನೆಯ ಅಂತಸ್ತಿನ ಮನೆಯಲ್ಲಿ ಪ್ರಾತಃಕಾಲ ಕನ್ನಡ ಕೀರ್ತನೆಗಳನ್ನು ಓದುವ ತಾಯಿಯ ಕೈಯಲ್ಲಿ ಅಲ್ಲಿಯೇ ಜೋಡಣೆಗೊಂಡ ಫೋನು ಇದ್ದರೆ ಆಶ್ಚರ್ಯವಿಲ್ಲ. ಸುತ್ತ ಹಿಂದಿಯ ಲೋಕ; ಅಂಗೈಯಗಲದ ಗಾಜಿನ ಮೇಲೆ ತನ್ನೂರ ಸಭಾಪಾಲಕರ ಧ್ವನಿ. ಇದನ್ನು ಕೃಪೆಯೆಂದು ಎಣಿಸದಿರುವುದು ಕೃತಘ್ನತೆಯಾದೀತು.

ಮತ್ತಾಯನು ತನ್ನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ಎರಡು ಸ್ವಸ್ಥತೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟಿದ್ದಾನೆ. ಕಪೆರ್ನೌಮಿನ ಶತಾಧಿಪತಿ ತನ್ನ ಆಳಿನ ವ್ಯಾಧಿಗಾಗಿ ಬೇಡಿಕೊಂಡಾಗ, ಸ್ವಾಮಿ ತನ್ನ ಮನೆಗೆ ಬರುವ ಶ್ರಮವೂ ಬೇಡ, ಇದ್ದಲ್ಲಿಂದ ಒಂದು ಮಾತು ಅಪ್ಪಣೆಯಾದರೆ ಸಾಕೆಂದನು. ಆ ನಂಬಿಕೆಗೆ ಯೇಸು ಬೆರಗಾದನು, ಆಳು ಗುಣಹೊಂದಿದನು. ಇದಕ್ಕೆ ಮುನ್ನವೇ ಒಬ್ಬ ಕುಷ್ಠರೋಗಿ ಬಂದು ಅಡ್ಡಬಿದ್ದಿದ್ದನು. ಅವನನ್ನೂ ಮಾತಿನಿಂದಲೇ ಗುಣಪಡಿಸಬಹುದಾಗಿತ್ತು. ಆದರೂ ಯೇಸು ಕೈನೀಡಿ ಅವನನ್ನು ಮುಟ್ಟಿದನು. ಎಷ್ಟೋ ಕಾಲದಿಂದ ಯಾರೂ ಮುಟ್ಟದಿದ್ದ ಆ ಮೈಗೆ ಆರೋಗ್ಯದಷ್ಟೇ ಸ್ಪರ್ಶವೂ ಅಗತ್ಯವಾಗಿತ್ತೆಂದು ನಾನು ತಿಳಿಯುತ್ತೇನೆ. ದೂರದಿಂದ ಬರುವ ವಾಕ್ಯಕ್ಕೆ ಯಂತ್ರವು ವಾಹನವಾಗಬಲ್ಲುದು. ಚಾಚಿದ ಕೈಗೆ ಅದು ಪ್ರತಿನಿಧಿಯಾಗಲಾರದು. ಸರಳ ವಿಶ್ವಾಸಿಯಾದವನು ಮೊದಲನೆಯದನ್ನು ಸಂತೋಷದಿಂದ ಸ್ವೀಕರಿಸಿ, ಎರಡನೆಯದರ ಹೊಣೆಯನ್ನು ತಾನೇ ಹೊರುತ್ತಾನೆ.

2020ರ ವಸಂತದಲ್ಲಿ ಈ ವ್ಯತ್ಯಾಸವು ಕಣ್ಣಿಗೆ ಕಟ್ಟುವಂತೆ ತೋರಿತು. ಮಾರ್ಚ್ ಅಂತ್ಯದಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶಕ್ಕೆ ಬೀಗ ಬಿದ್ದಾಗ, ನೋಯ್ಡಾದಿಂದ ಕೂಗಳತೆಯೆನ್ನಬಹುದಾದ ದೆಹಲಿಯ ಆನಂದ ವಿಹಾರದ ಬಸ್ ನಿಲ್ದಾಣದಲ್ಲಿ, ಕೆಲಸವೂ ಕೂಲಿಯೂ ತಪ್ಪಿದ ಸಹಸ್ರಾರು ಕಾರ್ಮಿಕರು ಗಂಟುಮೂಟೆಗಳೊಡನೆ, ಹೆಗಲ ಮೇಲಣ ಮಕ್ಕಳೊಡನೆ ಊರಿನ ದಾರಿ ಹುಡುಕುತ್ತ ನಿಂತಿದ್ದರು. ಏಪ್ರಿಲ್ 12ರ ಈಸ್ಟರಿನಂದು ದೇವಾಲಯಗಳು ಮುಚ್ಚಿದ್ದುವು. ಪುನರುತ್ಥಾನದ ಸಂದೇಶವು ಮನೆಮನೆಯ ಫೋನುಗಳಿಗೆ ಬಂದು ತಲುಪಿತು. ಆ ಸಂದೇಶವು ಸತ್ಯವಾದುದೆ, ಆ ದಿನದ ಆರಾಧನೆಯೂ ನಿಜವಾದುದೆ. ಆದರೆ ಹೆದ್ದಾರಿಯಲ್ಲಿ ನಡೆಯುತ್ತಿದ್ದವನಿಗೆ ನೀರು, ರೊಟ್ಟಿ, ಚಪ್ಪಲಿಗಳನ್ನು ಯಾವ ತೆರೆಯೂ ತಲುಪಿಸಲಿಲ್ಲ. ಮನೆಯಿಂದ ಹೊರಬಿದ್ದ ಮನುಷ್ಯರೇ ತಲುಪಿಸಬೇಕಾಯಿತು.

ಅಂಥ ವಿಪತ್ತು ಅಪರೂಪ. ಆದರೆ ಅದರ ಪಾಠ ನಿತ್ಯದ್ದು. ನೋಯ್ಡಾದ ಎತ್ತರದ ವಸತಿಗಳಲ್ಲಿ ಯಾರಾದರೂ ದ್ವಾರಕ್ಕೆ ಬಂದರೆ ಮೇಲಣ ಮನೆಯ ಫೋನು ಮಿಡಿಯುತ್ತದೆ. ಒಳಗೆ ಬಿಡುವುದಕ್ಕೊಂದು, ತಡೆಯುವುದಕ್ಕೊಂದು ಗುಂಡಿ. ಪಾತ್ರೆ ತೊಳೆಯುವ ಹೆಂಗಸು, ಊಟದ ಚೀಲ ಹೊತ್ತ ಹುಡುಗ, ಎಲ್ಲರೂ ಆ ತೆರೆಯ ಮೇಲೆ ಒಂದು ಹೆಸರು, ಒಂದು ವೇಳೆ. ಜನವರಿಯ ಮಂಜಿನಲ್ಲಿ ರಟ್ಟಿನ ಚೂರುಗಳನ್ನು ಸುಟ್ಟು ಅಂಗೈ ಕಾಯಿಸಿಕೊಳ್ಳುವ ಕಾವಲುಗಾರನು ಆ ಗಾಜಿನಲ್ಲಿ ಕಾಣಿಸುವುದೇ ಇಲ್ಲ. ಲೂಕನ ಸುವಾರ್ತೆಯ ಧನಿಕನು ತನ್ನ ಬಾಗಿಲಲ್ಲಿ ಬಿದ್ದಿದ್ದ ಲಾಜರನನ್ನು ಬೈದನೆಂದಾಗಲಿ ಅಟ್ಟಿದನೆಂದಾಗಲಿ ಎಲ್ಲಿಯೂ ಹೇಳಿಲ್ಲ. ಅವನನ್ನು ಲೆಕ್ಕಕ್ಕೆ ತಾರದೆ ದಿನದಿನವೂ ಸುಖವಾಗಿ ಉಂಡದ್ದೇ ಅವನ ಅಪರಾಧ. ಬಾಗಿಲನ್ನು ಇಪ್ಪತ್ತು ಅಂತಸ್ತಿನ ಕೆಳಗಿಟ್ಟ ನಮಗೆ ಆ ಅಪರಾಧವು ಎಷ್ಟು ಸುಲಭವಾಗಿದೆಯೆಂದು ನೆನೆದರೆ ಎದೆ ನಡುಗುತ್ತದೆ.

ಹಾಗಾದರೆ ವಿಶ್ವಾಸವು ಬರಿಯ ಪರೋಪಕಾರವೇ ಎಂದು ಕೇಳಬಹುದು. ಅಲ್ಲ. ವಾಕ್ಯವನ್ನು ದೂರದಿಂದ ಕಳುಹಿಸಿದರೆ ಸಾಕೆಂದು ದೇವರು ಬಗೆದಿದ್ದರೆ ಪ್ರವಾದಿಗಳೇ ಸಾಲುತ್ತಿದ್ದರು. ಆತನು ನರದೇಹವನ್ನು ಧರಿಸಿ, ಹಸಿದು, ದಣಿದು, ನಮ್ಮ ನಡುವೆ ವಾಸಮಾಡಿದನೆಂಬುದೇ ಕ್ರೈಸ್ತಮತದ ಹೃದಯ. ಇದನ್ನು ನಂಬಿದವನಿಗೆ ಸಾಮೀಪ್ಯವು ಆರಾಧನೆಯ ಅಂಗವೇ ಆಗುತ್ತದೆ. ಯಂತ್ರವು ನಮ್ಮ ದುಡಿಮೆಯ ಗಂಟೆಗಳನ್ನು ಉಳಿಸಿಕೊಡುತ್ತಿದೆ; ಉಳಿದ ಆ ಹೊತ್ತನ್ನು ಮತ್ತೊಂದು ಯಂತ್ರಕ್ಕೆ ಒಪ್ಪಿಸಿದರೆ ನಾವು ಬಡವರಾಗುತ್ತೇವೆ. ಅದು ನೆರೆಯವನಿಗಾಗಿ ನಮ್ಮ ಕೈಯಲ್ಲಿರಿಸಿದ ನಿಧಿಯೆಂದು ತಿಳಿದು ಅವನಿಗೆ ಸಲ್ಲಿಸಿದರೆ, ಈ ಯಂತ್ರಯುಗದಲ್ಲಿ ಸರಳ ವಿಶ್ವಾಸಕ್ಕೆ ಯಾವ ಕೊರತೆಯೂ ಬಾರದು.