ಹಾಲು ಮೊಸರಾದ ಮೇಲೆ

ಇಂದು ನಾವು ಫಲವೆಂಬ ಅರ್ಥದಲ್ಲಿ ಆಡುವ ‘ಪರಿಣಾಮ’ ವೇದಾಂತದಲ್ಲಿ ಹಾಲು ಮೊಸರಾಗುವಂಥ ಮಾರ್ಪಾಡಿನ ಹೆಸರು. ಬ್ರಹ್ಮಸೂತ್ರದ 1ನೇ ಅಧ್ಯಾಯದ 4ನೇ ಪಾದದಲ್ಲಿ ಬಾದರಾಯಣರು ಬಳಸಿದ್ದು ಈ ಪದವನ್ನೇ. ಹಾಗಾಗಿ ಜಗತ್ತು ಬರೀ ತೋರಿಕೆಯೆಂಬ ವಿವರ್ತವಾದಕ್ಕಿಂತ, ಅದು ಬ್ರಹ್ಮದ ನಿಜವಾದ ಮಾರ್ಪಾಡೆಂಬ ಓದೇ ಸೂತ್ರಕ್ಕೆ ಹತ್ತಿರವೆನಿಸುತ್ತದೆ. ಮೊಸರು ಮತ್ತೆ ಹಾಲಾಗದು. ಹಾಗಾದರೆ ನಿರ್ವಿಕಾರ ಬ್ರಹ್ಮವೇ ಕೆಟ್ಟಂತಾಯಿತಲ್ಲ ಎಂಬ ಅದ್ವೈತಿಗಳ ಆಕ್ಷೇಪವೇನೂ ಹಗುರವಾದುದಲ್ಲ. ರಾಮಾನುಜರು ಇದಕ್ಕೆ ಕೊಡುವ ಉತ್ತರ ಚತುರವಾದದ್ದು: ಚಿತ್ತು, ಅಚಿತ್ತುಗಳು (ಚೇತನ, ಜಡಗಳು) ಬ್ರಹ್ಮದ ಶರೀರ, ಸೂಕ್ಷ್ಮವಾಗಿದ್ದ ಅವು ಸ್ಥೂಲವಾಗುತ್ತವೆ, ವಿಕಾರವೆಲ್ಲ ಶರೀರದ್ದು, ಸ್ವರೂಪ ಹಾಗೆಯೇ ಉಳಿಯುತ್ತದೆ. ಮಧ್ವರು ಇಷ್ಟನ್ನೂ ಒಪ್ಪರು. ಅವರಿಗೆ ಮಾರ್ಪಡುವುದು ಪ್ರಕೃತಿ, ವಿಷ್ಣು ಅದನ್ನು ಮಾರ್ಪಡಿಸುವ ನಿಮಿತ್ತಕಾರಣ ಮಾತ್ರ. ತರ್ಕಕ್ಕೆ ಇದೇ ಸಲೀಸು (ಸೂತ್ರಕ್ಕೂ ಸಲೀಸೇ ಎಂಬುದು ಬೇರೆ ಮಾತು). ಆದರೆ ಜಗತ್ತಿನ ಉಪಾದಾನವೂ, ಎಂದರೆ ಅದು ಆಗಿಬಂದ ಮೂಲವಸ್ತುವೂ, ಬ್ರಹ್ಮವೇ ಎಂಬಂತೆ ಸಾಗುವ ಆ ಪಾದದ ಕೊನೆಯ ಭಾಗದೆದುರು ರಾಮಾನುಜರ ದಾರಿಯಲ್ಲೇ ಎಳೆದಾಟ ಕಡಿಮೆ.