ಹೊಲವೂ ಉತಾರವೂ

ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಮನು 1086ರಲ್ಲಿ ಹಳ್ಳಿಹಳ್ಳಿಯ ಲೆಕ್ಕ ಬರೆಯಿಸಿದ. ನೇಗಿಲೆಷ್ಟು, ನೀರಿನ ಗಿರಣಿಯೆಷ್ಟು, ಒಕ್ಕಲೆಷ್ಟು, ಗುಲಾಮರೆಷ್ಟು, ಎಲ್ಲವೂ ಬಂತು. ಜನ ಆ ಗ್ರಂಥಕ್ಕೆ ಇಟ್ಟ ಹೆಸರು 'ಡೂಮ್ಸ್‌ಡೇ', ಅಂದರೆ ಅಂತಿಮ ತೀರ್ಪಿನ ದಿನ. ಅದರ ಮೇಲೆ ಅಪೀಲಿಲ್ಲವೆಂದು ಭಾವ. ಅದರಲ್ಲಿ ಒಡೆಯನಿಗೆ ಹೆಸರುಂಟು. ಉತ್ತವನು ಬರಿಯ ಸಂಖ್ಯೆ.

ನಮ್ಮ ನವಲಗುಂದ ಸೀಮೆಯ ಮೊರಬದಂತಹ ಊರುಗಳಿಗೂ ಇಂತಹ ಪುಸ್ತಕದ ಕಾಲ ಬಂದಿತು. ಹತ್ತೊಂಬತ್ತನೆಯ ಶತಮಾನದ ನಡುವೆ ವಿಂಗೇಟ್ ಸಾಹೇಬನ ಪದ್ಧತಿಯ ಸರ್ವೆಯವರು ಧಾರವಾಡ ಜಿಲ್ಲೆಯ ಹೊಲಗಳಲ್ಲಿ ಸರಪಳಿ ಎಳೆದರು. 33 ಅಡಿಯ ಸರಪಳಿ. ಅದರ ಚೌಕ ಒಂದು ಗುಂಟೆ. 40 ಗುಂಟೆಗೆ ಎಕರೆ. ಮಣ್ಣಿನ ಆಳ ನೋಡಿ, ಉಸುಕು, ಸುಣ್ಣಗಲ್ಲು, ಇಳಿಜಾರು ಕಂಡಲ್ಲಿ ದರ್ಜೆ ಇಳಿಸಿ, ಹದಿನಾರಾಣೆಯಿಂದ ಎರಡಾಣೆಯವರೆಗೆ ಒಂಬತ್ತು ವರ್ಗ ಮಾಡಿದರು. ಈ ಪುಸ್ತಕವನ್ನು ಕ್ರೂರವೆನ್ನಲು ನನಗೆ ಮನಸ್ಸಿಲ್ಲ. ಮೂವತ್ತು ವರ್ಷ ಕಂದಾಯ ಏರಿಸುವುದಿಲ್ಲ, ರೈತ ತಾನೇ ಮಾಡಿಕೊಂಡ ಸುಧಾರಣೆಗೆ ತೆರಿಗೆಯಿಲ್ಲ ಎಂಬ ಮಾತನ್ನು ಅದು ಕೊಟ್ಟಿತ್ತು. ಅದಕ್ಕೆ ಹಿಂದಿನ ರೈತನಿಗೆ ಅಷ್ಟೂ ಇರಲಿಲ್ಲ.

ಆದರೆ ಎರೆಮಣ್ಣಿನ ಆಳ ಅಳೆದವರು ಅದರಲ್ಲಿ ಹತ್ತಿ ಬಿಡಿಸಿದ ಹೆಂಗಸಿನ ಬೆನ್ನುನೋವನ್ನು ಬರೆಯಲಿಲ್ಲ. 'ಕಂದಾಯದ ಪುಸ್ತಕದಲ್ಲಿ ಅದನ್ನೇಕೆ ಹುಡುಕುತ್ತೀರಿ?' ಎನ್ನಬಹುದು. ನಿಜ, ತಕ್ಕಡಿಯು ಬಣ್ಣವನ್ನು ತೂಗದಿದ್ದರೆ ಅದು ತಕ್ಕಡಿಯ ತಪ್ಪಲ್ಲ. ತೂಗಿದ್ದಷ್ಟೇ ಲೋಕದಲ್ಲಿ ಇದೆಯೆಂದಾಗ ತಪ್ಪು ಹುಟ್ಟುತ್ತದೆ. 1974ರ ಭೂಸುಧಾರಣೆಯ ಕಾನೂನು ಉಳುವವನಿಗೆ ಹೊಲ ಕೊಡಹೊರಟಾಗ, ನಮೂನೆ 7 ಹಿಡಿದು ಬಂದವನಿಗೆ ಪಹಣಿಯಲ್ಲಿ ಹೆಸರಿದ್ದರೆ ಬಲ. ಬಾಯಿಮಾತಿನ ಮೇಲೆ ಗೇಣಿ ಮಾಡಿದವನಿಗೆ ಸಾಕ್ಷಿ ಯಾರು? ತನ್ನ ಅಂಗೈಯನ್ನು ತೋರಿಸಬೇಕಷ್ಟೆ! ಮುಂದೆ ಮಲಪ್ರಭೆಯ ಅಭಿವೃದ್ಧಿ ಕರ ಬಂತು. ಕಾಗದದಲ್ಲಿ ನೀರಾವರಿ, ಹೊಲಕ್ಕೆ ನೀರು ಬಂದಿಲ್ಲ, ಎಂಬುದು ರೈತರ ದೂರುಗಳಲ್ಲೊಂದು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರಾಗಿ ಜೀವಗಳು ಹೋದವು.

ಹಾಗಾದರೆ ದಫ್ತರವನ್ನು ಸುಟ್ಟುಬಿಡೋಣವೇ? ಹೆಸರಿಲ್ಲದವನೇ ಅದಕ್ಕೆ ಒಪ್ಪಲಾರ. ಅದರಲ್ಲಿ ತನ್ನ ಹೆಸರು ಏರಲೆಂದೇ ಅವನು ಕಚೇರಿಯ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಅವಳ ಸಂಗತಿ ಇನ್ನೂ ತೊಡಕಿನದು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಹೊಲದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆದರೂ ಹಕ್ಕು ಬಿಟ್ಟ ಕಾಗದಕ್ಕೆ ಹೆಬ್ಬೆಟ್ಟೊತ್ತಿ, ಅಣ್ಣನ ಮನೆಯ ಬಾಗಿಲು ಪಂಚಮಿಗೆ ತೆರೆದಿದ್ದರೆ ಸಾಕೆಂದು, ಉಡಿ ತುಂಬಿಸಿಕೊಂಡು ಹೋಗುವ ತಂಗಿಯರು ನಮ್ಮಲ್ಲಿ ಎಷ್ಟೋ ಮಂದಿ. ಆ ಕಾಗದ ಸುಳ್ಳಲ್ಲ. ಅವಳು ಒಪ್ಪಿಯೇ ಒತ್ತಿದ್ದಾಳೆ. ಏಕೆ ಒಪ್ಪಿದಳೆಂದು ಬರೆಯಲು, ಈಗ ಕಂಪ್ಯೂಟರಿನಿಂದ ಬರುವ ಉತಾರದಲ್ಲಿಯೂ, ಕಾಲಮು ಇಲ್ಲ.