ಕಟ್ಟಿದ ಕಂತು ವ್ಯರ್ಥವೇ?

ವಿಮೆಯ ಕಂತು ಕಟ್ಟಿ, ವರ್ಷವಿಡೀ ಆರೋಗ್ಯವಾಗಿದ್ದು, ಕೊನೆಗೆ "ದುಡ್ಡು ಸುಮ್ಮನೆ ಹೋಯಿತು" ಎಂದು ನೀವು ಕೊರಗಿದ್ದುಂಟೇ?

ನಮ್ಮ ರಾಜ್ಯದಲ್ಲಿ 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂದಿತು. ಆಗ ಒಬ್ಬರ ವಾರ್ಷಿಕ ಕಂತು 60 ರೂಪಾಯಿ. ಅಷ್ಟರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಹೇಗೆ ಸಾಧ್ಯ? ಸರ್ಕಾರದ ನೆರವಿನ ಜೊತೆಗೆ, ಕಾಯಿಲೆ ಬೀಳದ ಲಕ್ಷಾಂತರ ಜನರ ಕಂತೂ ಸೇರಿದ್ದರಿಂದ ಸಾಧ್ಯವಾಯಿತು. ಕೆಲಗೇರಿಯ ರೈತನು ಕಟ್ಟಿದ ಹಣ, ಬೀದರಿನಿಂದ ಬೆಂಗಳೂರಿಗೆ ಹೋಗಿ ಆಸ್ಪತ್ರೆ ಸೇರಿದ ರೋಗಿಯೊಬ್ಬನ ಚಿಕಿತ್ಸೆಗೆ ಸಂದಿರಬಹುದು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.

ಶುಭಸಂದೇಶದ ಸಮಾರಿಯದವನನ್ನು ನೆನೆಯಿರಿ. ಗಾಯಗೊಂಡ ಪ್ರಯಾಣಿಕನಿಗಾಗಿ ಛತ್ರದವನ ಕೈಗೆ ಎರಡು ನಾಣ್ಯವಿತ್ತು, ಹೆಚ್ಚಿನ ಖರ್ಚಿಗೂ ತಾನೇ ಹೊಣೆಯೆಂದನು. ಆ ಹಣದಿಂದ ಅವನಿಗೇನು ಲಾಭವಾಯಿತು?

ಗಟ್ಟಿಮುಟ್ಟಾದವರು ಹಿಂದೆ ಸರಿದರೆ ಉಳಿದವರ ಕಂತು ಏರುತ್ತದೆ. ಮೊದಲು ಹೊರಗುಳಿಯುವವನು ಬಡವನೇ. ಇಲ್ಲದ ಖರ್ಚಿಗೆ ಸುಳ್ಳು ಬಿಲ್ಲು ಕೊಟ್ಟರೂ ಅಷ್ಟೇ: ಕದ್ದದ್ದು ಕಚೇರಿಯಿಂದಲ್ಲ, ನಾಳೆ ಮಂಚ ಹಿಡಿಯುವ ನೆರೆಯವನಿಂದ.

ಈ ವರ್ಷ ನಿಮಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಪ್ರಸಂಗ ಬರಲಿಲ್ಲವೇ? ದೇವರಿಗೆ ಕೃತಜ್ಞತೆ ಸಲ್ಲಿಸಿ. ನಿಮ್ಮ ಹಣ ವ್ಯರ್ಥವಾಗಿಲ್ಲ; ನೀವು ಅರಿಯದ ಮನೆಯೊಂದರಲ್ಲಿ ಯಾರೋ ಎದ್ದು ಕುಳಿತಿದ್ದಾರೆ.